ಹೊರೆ ಹೊತ್ತವರ ದಾರಿ

ಹೆಬ್ಬಳ್ಳಿಯ ಹೊಲಗಳ ನಡುವೆ ಒಂದು ಚಕ್ಕಡಿ ದಾರಿ ಇದೆ. ಊರು ಬಿಟ್ಟು, ಹಳ್ಳಕ್ಕೆ ಇಳಿದು, ಆಚೆ ದಂಡೆಯ ಏರು ಹತ್ತಿ ಮುಂದೆ ಹೋಗುತ್ತದೆ. ಅದಕ್ಕೆ ಡಾಂಬರಿಲ್ಲ, ದೀಪವಿಲ್ಲ, ಕೈ ತೋರಿಸುವ ಪೊಲೀಸನಂತೂ ಮೊದಲೇ ಇಲ್ಲ. ಎತ್ತು ಎಮ್ಮೆ ಅಲ್ಲೇ ಹೋಗಬೇಕು, ಬುತ್ತಿ ಹೊತ್ತ ಹೆಣ್ಣುಮಕ್ಕಳು ಅಲ್ಲೇ ಹೋಗಬೇಕು, ಶಾಲೆಯ ಹುಡುಗಿಯರು ಸೈಕಲ್ ತುಳಿಯುತ್ತ ಅಲ್ಲೇ ಹೋಗಬೇಕು. ಈಗ ಕೆಲವು ವರ್ಷಗಳಿಂದ ರವಿವಾರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮಂದಿಯೂ ತಲೆಗೆ ಹೆಲ್ಮೆಟ್ಟು ಹಾಕಿಕೊಂಡು, ಗೇರಿನ ಸೈಕಲ್ ಏರಿ, ಸಾಲುಗಟ್ಟಿ ಬರುತ್ತಾರೆ. ಬರಲಿ ಬಿಡಿ, ಹೊಲದ ಗಾಳಿ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಇಷ್ಟು ಮಂದಿ ಒಂದೇ ದಾರಿಯಲ್ಲಿ ಕೂಡಿದಾಗ ಯಾರು ಯಾರಿಗೆ ಸರಿಯಬೇಕು ಎಂಬುದನ್ನು ಹೇಳಿಕೊಡುವವರು ಕಡಿಮೆ. ಹೇಳಿಕೊಟ್ಟರೂ ಕಿವಿಗೆ ಹಾಕಿಕೊಳ್ಳದವರು ಜಾಸ್ತಿ. ಅಂಥವರಲ್ಲಿ ಶಿವಯೋಗೀಶನೂ ಒಬ್ಬ.

ಕೆಟ್ಟ ಮನುಷ್ಯ ಎಂದು ತಿಳಿಯಬೇಡಿ. ಧಾರವಾಡದಲ್ಲಿ ದನಗಳಿಗೆ ಹಾಕುವ ಹತ್ತಿಕಾಳು, ಹಿಂಡಿ ಮಾರುವ ಅಂಗಡಿ ಅವನದು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟಿಲ್ಲ. ಮೈಯಲ್ಲಿ ಸಕ್ಕರೆ ಏರಿದೆ, ಬೆವರು ಹರಿಸಬೇಕು ಎಂದು ಡಾಕ್ಟರು ಗದರಿದ ಮೇಲೆ ಒಂದು ಒಳ್ಳೆಯ ಸೈಕಲ್ ಕೊಂಡ. ರವಿವಾರದ ತಂಡವನ್ನು ಸೇರಿದ. ಆ ತಂಡವನ್ನು ಕರೆದುಕೊಂಡು ಹೋಗುವಾಕೆ ಫಿರದೋಸ, ಹಳೇ ಹುಬ್ಬಳ್ಳಿಯ ಹೈಸ್ಕೂಲು ಶಿಕ್ಷಕಿ. ಎಲ್ಲರೂ ಆಕೆಯನ್ನು ಟೀಚರ್ ಎಂದೇ ಕರೆಯುತ್ತಾರೆ. ಹೊಲದ ದಾರಿಗೆ ಇಳಿಯುವ ಮೊದಲು ಚಹಾದಂಗಡಿಯ ಮುಂದೆ ನಿಂತು ನಾಲ್ಕು ಮಾತು ಹೇಳುವುದು ಆಕೆಯ ರೂಢಿ.

"ಹಳ್ಳದ ಇಳಿಜಾರಿನ್ಯಾಗ ಯಾರೂ ಸೈಕಲ್ ಬಿಟ್ಟ ಬಿಡಬ್ಯಾಡ್ರಿ, ಬ್ರೇಕಿನ ಮ್ಯಾಲ ಬೆರಳ ಇರಲಿ" ಎಂದಳು ಆ ದಿನವೂ. "ಒಬ್ಬರ ಹಿಂದ ಒಬ್ಬರು ಹೋಗೂಣು. ಕೆಳಗಿಂದ ಏರಿ ಬರೋರು ಸಿಕ್ಕರ ಅವರಿಗೆ ದಾರಿ ಬಿಡ್ರಿ, ಏರೋರಿಗೆ ತ್ರಾಸ ಜಾಸ್ತಿ. ನಡಕೊಂಡ ಹೋಗೋರು ಕಂಡ್ರ ದೂರದಿಂದನ ನಿಧಾನ ಮಾಡ್ರಿ. ತೆಲಿ ಮ್ಯಾಲ ಹೊರಿ ಇತ್ತಂದ್ರ ಇಳದ ಬಿಡ್ರಿ."

"ಟೀಚರ್ರ, ಹೊಲದಾಗೂ ನಿಮ್ಮ ಸಾಲಿ ಹಚ್ಚಿದ್ರಲ್ಲ" ಎಂದು ಶಿವಯೋಗೀಶ ನಕ್ಕ. "ಹೆಬ್ಬಳ್ಳಿ ನಮ್ಮ ಮನಿಯಾಕಿ ತವರೂರ ಐತ್ರಿ. ಅಲ್ಲಿ ಎಮ್ಮಿಗೂ ಈ ಅಳಿಯನ ಗುರತ ಐತಿ."

"ಗುರತ ಇದ್ರ ಛಲೋನ ಆತು ಸಾವಕಾರ್ರ. ಆದ್ರ ಎಮ್ಮಿಗೆ ಬೆನ್ನಿನ್ಯಾಗ ಕಣ್ಣಿಲ್ಲಲ್ರಿ."

"ಅದಕ್ಕ ಗಂಟಿ ಐತಿ ತಗೋರಿ."

"ಗಂಟಿ ಅಂದ್ರ ನಾ ಬಂದೇನಿ ಅಂತ ತಿಳಸೋದು, ನೀ ಸರಿ ಅಂತ ಹುಕುಂ ಮಾಡೋದಲ್ಲ. ಅವರಿಗೆ ಕೇಳಸ್ತೋ ಇಲ್ಲೋ ಅನ್ನೋದನ್ನೂ ನೋಡಬೇಕಲ್ರಿ."

ಎಲ್ಲರೂ ನಕ್ಕರು, ಚಹಾ ಕುಡಿದರು, ಹೊರಟರು. ಕೋಣನ ಮುಂದೆ ಕಿನ್ನರಿ ಬಾರಿಸಿದರು ಎನ್ನುತ್ತಾರಲ್ಲ, ಹಾಗಾಯಿತು ಆಕೆಯ ಮಾತು.

ಮಳೆಗಾಲ ಮುಗಿದು ಹಿಂಗಾರಿ ಬಿತ್ತನೆ ನಡೆದಿದ್ದ ದಿನಗಳು. ಬದುವಿನ ಮೇಲೆ ಹಸಿರು ಹುಲ್ಲು ಎದೆಯುದ್ದ ನಿಂತಿತ್ತು. ದಾರಿಯ ಎರಡೂ ಅಂಚಿನಲ್ಲಿ ಕಪ್ಪು ಎರಿಮಣ್ಣು ಇನ್ನೂ ಹಸಿಯಾಗಿದ್ದು, ಚಕ್ಕಡಿಯ ಗಾಲಿ ತುಳಿದು ಗಟ್ಟಿಯಾದ ಜಾಡು ಮಾತ್ರ ಒಣಗಿತ್ತು. ನಡೆಯುವವರಿಗೂ ಅದೇ ಜಾಡು, ಸೈಕಲ್ಲಿನವರಿಗೂ ಅದೇ ಜಾಡು. ಇಳಿಜಾರಿಗೆ ಬಂದಾಗ ಶಿವಯೋಗೀಶ ಎಲ್ಲರಿಗಿಂತ ಮುಂದಿದ್ದ. ಇಳಿಯುವಾಗಿನ ವೇಗವನ್ನು ಉಳಿಸಿಕೊಂಡರೆ ಹಳ್ಳದ ಆಚೆಯ ಏರನ್ನು ತುಳಿಯದೆಯೇ ಅರ್ಧ ಹತ್ತಬಹುದು. ಆ ಒಂದು ಆಸೆಗೆ ಅವನು ಬ್ರೇಕ್ ಹಿಡಿಯಲಿಲ್ಲ.

ಕೆಳಗೆ ಹಳ್ಳದ ಹತ್ತಿರ ಒಂದು ಹುಲ್ಲಿನ ಹೊರೆ ನಡೆದುಹೋಗುತ್ತಿತ್ತು. ಹಿಂದಿನಿಂದ ನೋಡಿದರೆ ಹೊರೆಯೇ ಕಾಣುತ್ತದೆ, ಹೊತ್ತವರು ಕಾಣುವುದಿಲ್ಲ. ಒಂದಿಷ್ಟು ಸೀರೆ, ಎರಡು ಹಿಮ್ಮಡಿ, ಅಷ್ಟೇ. ಅವನು ಗಂಟೆ ಬಾರಿಸಿದ. ಹೊರೆ ಸರಿಯಲಿಲ್ಲ. ಮತ್ತೆ ಬಾರಿಸಿದ, ಉದ್ದಕ್ಕೆ. ಆಗಲೂ ಸರಿಯಲಿಲ್ಲ. ಬೇಕಂತಲೇ ದಾರಿ ಬಿಡುತ್ತಿಲ್ಲ, ಹಳ್ಳಿ ಮಂದಿಯ ಹಟ ಎಂದು ಅವನಿಗೆ ಸಿಟ್ಟು ಬಂತು. ಬಲಗಡೆ ಸಣ್ಣದೊಂದು ಸಂದು ಕಂಡಿತು. ಅದರಲ್ಲಿ ನುಗ್ಗಿದ.

ಸೈಕಲ್ಲು ಆಕೆಯ ಮೈಗೆ ತಾಗಲೇ ಇಲ್ಲ. ಹೊರೆಯ ಬಲಬದಿಗೆ ಜೋತುಬಿದ್ದ ಹುಲ್ಲು ಹ್ಯಾಂಡಲಿಗೆ ಸಿಕ್ಕಿತು. ಹೊರೆ ಗರಕ್ಕನೆ ತಿರುಗಿತು, ಅದನ್ನು ಹಿಡಿದಿದ್ದವಳೂ ಅದರ ಜೊತೆಗೇ ತಿರುಗಿ ದಾರಿಯಂಚಿನ ಕಲ್ಲಿನ ಮೇಲೆ ಬಿದ್ದಳು. ಶಿವಯೋಗೀಶ ಮುಂದೆ ಹೋಗಿ ಹಳ್ಳದ ಉಸುಕಿನಲ್ಲಿ ಬಿದ್ದು, ಮೊಣಕೈ ತರಚಿಕೊಂಡು ಎದ್ದುಬಂದ. ಬರುವಾಗಲೇ ಬಾಯಿಯಲ್ಲಿ ಮಾತು ಸಿದ್ಧವಿತ್ತು.

"ಅಷ್ಟ ಗಂಟಿ ಬಾರಿಸಾಕತ್ತೇನಿ, ಕೇಳಸಂಗಿಲ್ಲೇನು?"

ಹುಲ್ಲು ಸರಿಸಿದ. ಕೆಳಗೆ ಕಾಳವ್ವ ಇದ್ದಳು.

ಕಾಳವ್ವ ಯಾರೆಂದು ಹೇಳಬೇಕು. ಶಿವಯೋಗೀಶನ ಹೆಂಡತಿ ಉಮಾಶ್ರೀ ತೊಟ್ಟಿಲಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಅವಳನ್ನು ಎತ್ತಿಕೊಂಡು, ತನ್ನ ಮಗ ಫಕೀರಪ್ಪನ ಜೊತೆಗೆ ಹಾಲುಣಿಸಿ ಬೆಳೆಸಿದ ಚಿಗವ್ವ, ಅಂದರೆ ಚಿಕ್ಕಮ್ಮ, ಈ ಕಾಳವ್ವ. ಉಮಾಶ್ರೀಗೆ ತವರು ಎಂದರೆ ಊರಲ್ಲ, ಮನೆಯಲ್ಲ, ಈ ಹೆಂಗಸು. ಮದುವೆಯಲ್ಲಿ ಶಿವಯೋಗೀಶನ ಕಾಲು ತೊಳೆದು, ನಮ್ಮ ಕೂಸನ್ನು ಚೆನ್ನಾಗಿ ನೋಡಿಕೊಳ್ಳಿರಿ ಎಂದು ಅತ್ತವಳೂ ಇವಳೇ.

"ಅಳಿಯಾರ" ಎಂದಳು ಕಾಳವ್ವ, ನೋವಿನಲ್ಲಿ ಹಲ್ಲು ಕಚ್ಚಿಕೊಂಡು. "ನಿಮಗೇನೂ ಪೆಟ್ಟಾಗಿಲ್ಲಲ್ರಿ?"

ಶಿವಯೋಗೀಶ ಆಕೆಯ ಪಕ್ಕದಲ್ಲಿ ಕುಕ್ಕರಿಸಿ, "ಚಿಗವ್ವಾ, ನಾ ಗಂಟಿ ಬಾರಿಸಿದ್ನಿ" ಎಂದ.

"ಬಾರಿಸಿರ್ತೀರಿ ತಗೋರಿ. ನನ್ನ ಕಿವಿ ಮಂದ ಆಗ್ಯಾವು. ನಿಮ್ಮದೇನೂ ತಪ್ಪಿಲ್ಲ."

ಅಷ್ಟರಲ್ಲಿ ಫಿರದೋಸ ಬಂದು ಸೈಕಲ್ ಬಿಸುಟು ಕುಳಿತಳು. ಎತ್ತಿ ನಿಲ್ಲಿಸಲು ಹೋದವರನ್ನು ತಡೆದಳು. ಊರಿನಿಂದ ಹೊರಸು ತರಿಸಿ, ಮೈ ಅಲುಗದಂತೆ ಮಲಗಿಸಿ, ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಸೊಂಟದ ಎಲುಬು ಮುರಿದಿತ್ತು. ಆಪರೇಶನ್ ಆಯಿತು, ಒಳಗೆ ರಾಡು ಕೂಡಿಸಿದರು. ವಯಸ್ಸಾದ ಜೀವ, ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ ಎಂದು ಡಾಕ್ಟರು ಫಕೀರಪ್ಪನನ್ನು ಬದಿಗೆ ಕರೆದು ಹೇಳಿದರು.

ಊರಿನಲ್ಲಿ ಯಾರೂ ಅಳಿಯನಿಗೆ ಒಂದು ಮಾತು ಅನ್ನಲಿಲ್ಲ. ನಮ್ಮ ಕಡೆ ಅಳಿಯನ ತಪ್ಪನ್ನು ಮಂದಿಯ ಮುಂದೆ ಎತ್ತಿ ಆಡುವುದಿಲ್ಲ, ಆಡಿದರೆ ಮನೆಯ ಮಗಳಿಗೆ ತಾಗುತ್ತದೆ. "ಮುದುಕಿಗೆ ಕಿವಿ ಕೇಳಸಂಗಿಲ್ಲ, ಆತ ಏನ ಮಾಡಬೇಕು ಪಾಪ" ಎಂದರು. ಮೊದಮೊದಲು ಅನುಮಾನದಿಂದ ಅಂದವರು ಆಮೇಲೆ ನಿಜವೆಂದೇ ಅಂದರು. ಶಿವಯೋಗೀಶನಿಗೂ ಅದು ಬೇಕಾಗಿತ್ತು. ಅಂಗಡಿಗೆ ಬಂದವರೆಲ್ಲರಿಗೂ ಕೇಳಲಿ ಬಿಡಲಿ ಹೇಳುತ್ತಿದ್ದ, ನಾನು ಗಂಟೆ ಬಾರಿಸಿದ್ದೆ ಎಂದು. ಹಿಂಡಿಯ ಚೀಲ ಎತ್ತಿಕೊಡುತ್ತಲೂ ಹೇಳುತ್ತಿದ್ದ. ಒಂದೇ ಮಾತನ್ನು ಮನುಷ್ಯ ಅಷ್ಟು ಸಲ ಹೇಳುತ್ತಾನೆಂದರೆ ಅವನ ಹೊಟ್ಟೆಯೊಳಗೆ ಏನೋ ಚುಚ್ಚುತ್ತಿದೆ ಎಂದೇ ತಿಳಿಯಬೇಕು.

ಉಮಾಶ್ರೀ ಮಾತ್ರ ಒಂದು ದಿನ ರೊಟ್ಟಿ ಬಡಿಯುತ್ತ ಕೈ ನಿಲ್ಲಿಸಿ ಕೇಳಿದಳು.

"ಅಲ್ರಿ, ಚಿಗವ್ವನ ಕಿವಿ ಯಾವಾಗ ಮಂದ ಆದ್ವು? ಫೋನಿನ್ಯಾಗ ನಾ ಸಣ್ಣ ದನೀಲೆ ಮಾತಾಡಿದ್ರೂ ನೆಗಡಿ ಆಗೇತೇನ ಉಮಾ ಅಂತಿದ್ಲು."

"ವಯಸ್ಸಾತಲ್ಲ" ಎಂದ ಶಿವಯೋಗೀಶ. "ಆಕೀನ ಹೇಳ್ಯಾಳ."

ಉಮಾಶ್ರೀ ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ದಿನ ಅವನಿಗೆ ಊಟ ಸೇರಲಿಲ್ಲ.

ಕಾಳವ್ವನನ್ನು ಮನೆಗೆ ತಂದ ಮೇಲೆ ಫಿರದೋಸ ನೋಡಲು ಹೋಗಬೇಕೆಂದಳು. ಶಿವಯೋಗೀಶ, ಉಮಾಶ್ರೀ ಬಸ್ಸಿನಲ್ಲಿ ಹೋದರು, ಫಿರದೋಸ ತನ್ನ ಸೈಕಲ್ಲಿನ ಮೇಲೆ ಬಂದಳು. ಪಡಸಾಲೆಯಲ್ಲಿ ಹೊರಸಿನ ಮೇಲೆ ಕಾಳವ್ವ ಮಲಗಿದ್ದಳು. ಹೊಲದಲ್ಲಿ ದುಡಿದ ಮೈ ಕೆಲವೇ ವಾರಗಳಲ್ಲಿ ಹಗ್ಗದಂತೆ ಸಣ್ಣಗಾಗಿತ್ತು. ಉಮಾಶ್ರೀ ಆಕೆಯ ಕಾಲ ಹತ್ತಿರ ಕುಳಿತು ಪಾದ ತಿಕ್ಕತೊಡಗಿದಳು. ಕಾಳವ್ವ ಫಿರದೋಸಳನ್ನು ನೋಡಿ, "ನೀ ಅಲ್ಲೇನವಾ ನನ್ನ ಅಲುಗದಂಗ ಮಲಗಿಸಿದಾಕಿ, ನಿನ್ನ ಕೈ ತಣ್ಣಗಿರಲಿ" ಎಂದು ಹರಸಿ ಕಣ್ಣು ಮುಚ್ಚಿದಳು. ಉಳಿದವರು ಹೊತ್ತು ಕಳೆಯಲು ಮಳೆ ಬೆಳೆಯ ಮಾತಾಡುತ್ತ ಕುಳಿತರು.

ಸ್ವಲ್ಪ ಹೊತ್ತಿಗೆ ಕಾಳವ್ವ ಕಣ್ಣು ತೆರೆಯದೆಯೇ ಅಂದಳು, "ದಾಕ್ಷಾಯಿಣಿ, ಹಾಲ ಉಕ್ಕಾಕತ್ತಾವ ನೋಡವಾ."

ಸೊಸೆ ದಾಕ್ಷಾಯಿಣಿ ಹಿತ್ತಿಲಲ್ಲಿದ್ದಳು, ಓಡಿ ಬಂದಳು. ಪಡಸಾಲೆ ದಾಟಿ, ನಡುಮನೆ ದಾಟಿ, ಒಳಗಿನ ಅಡುಗೆಮನೆಯಲ್ಲಿ ಹಾಲು ಪಾತ್ರೆಯ ಅಂಚಿಗೆ ಬಂದಿತ್ತು. ಅಲ್ಲಿ ಕುಳಿತಿದ್ದ ಯಾರಿಗೂ ಆ ಸಪ್ಪಳ ಕೇಳಿಸಿರಲಿಲ್ಲ. ಶಿವಯೋಗೀಶ ಕಾಳವ್ವನ ಮುಖ ನೋಡಿದ. ಆಕೆ ತಾನು ಏನು ಅಂದೆ ಎಂಬುದರ ಅರಿವೇ ಇಲ್ಲದೆ ಮಲಗಿದ್ದಳು.

ಅಲ್ಲಿ ಕೂಡಲಾಗದೆ ಎದ್ದ. ಹೊರಗೆ ದಾಕ್ಷಾಯಿಣಿ ಕುಡಗೋಲು, ಹಗ್ಗ ಹಿಡಿದು ಹುಲ್ಲಿಗೆ ಹೊರಟಿದ್ದಳು. ಅತ್ತೆ ಮಲಗಿದ ಮೇಲೆ ಎಮ್ಮೆಯ ಮೇವು ಅವಳ ತಲೆಯ ಮೇಲೆಯೇ ಬಿದ್ದಿತ್ತು. "ನಾನೂ ಬರತೇನಿ" ಎಂದ ಶಿವಯೋಗೀಶ. ಅವಳು ಬೇಡವೆಂದಳು, ಅವನು ಕೇಳಲಿಲ್ಲ. ಫಿರದೋಸಳೂ ಹೊಲ ನೋಡಿದ ಹಾಗಾಯಿತೆಂದು ಸೈಕಲ್ ಹಿಡಿದುಕೊಂಡು ಜೊತೆಗೆ ಹೊರಟಳು.

ದಾಕ್ಷಾಯಿಣಿ ಬದುವಿನ ಹುಲ್ಲು ಕೊಯ್ದು ಹೊರೆ ಕಟ್ಟಿದಳು.

"ಅದನ್ನ ನನ್ನ ತೆಲಿ ಮ್ಯಾಲ ಇಡವಾ" ಎಂದ ಶಿವಯೋಗೀಶ.

"ಅಯ್ಯ, ಅಳಿಯಾದವರ ತೆಲಿ ಮ್ಯಾಲ ಹುಲ್ಲ ಹೊರಿಸಿದ್ರ ಊರ ಮಂದಿ ನಗ್ತಾರ್ರಿ ಅಣ್ಣಾರ."

"ನಗಲಿ. ಇಡು."

ಇಟ್ಟಳು. ಬಟ್ಟೆಯ ಸಿಂಬೆಯ ಮೇಲೆ ಹೊರೆ ಕೂತಿತು, ಕುತ್ತಿಗೆ ಭುಜದೊಳಗೆ ಇಳಿಯಿತು. ಹಸಿ ಹುಲ್ಲಿನ ಎರಡೂ ತುದಿಗಳು ಕೆಳಗೆ ಬಾಗಿ ಕೆನ್ನೆಗೆ, ಕಿವಿಗೆ ಮುಚ್ಚಿಕೊಂಡವು. ಕಾಲ ಮುಂದಿನ ಒಂದು ಮಾರು ನೆಲ ಬಿಟ್ಟರೆ ಏನೂ ಕಾಣಲಿಲ್ಲ. ಮೇಲೆ ನೋಡಲಾಗದು, ಬದಿಗೆ ನೋಡಲಾಗದು, ಹಿಂದೆ ನೋಡಬೇಕೆಂದರೆ ಇಡೀ ಮೈ ತಿರುಗಬೇಕು. ಹೆಜ್ಜೆ ಇಟ್ಟರೆ ಸಾಕು ಹುಲ್ಲು ಕಿವಿಯೊಳಗೆ ಸರಸರ ಅನ್ನುತ್ತಿತ್ತು. ಜೋರು ಗಾಳಿಯಲ್ಲಿ ಜೋಳದ ಹೊಲದ ನಡುವೆ ನಿಂತ ಹಾಗಿತ್ತು. ಅವನು ತಡವರಿಸುತ್ತ ನಡೆದ. ಜಾಡು ಬಿಟ್ಟು ಕಾಲಿಟ್ಟರೆ ಹಸಿ ಎರಿಯಲ್ಲಿ ಜಾರುತ್ತಿತ್ತು, ಹಾಗಾಗಿ ಜಾಡು ಬಿಡಲಿಲ್ಲ.

ಇದ್ದಕ್ಕಿದ್ದಂತೆ ಅವನ ಮುಂದೆ ಎರಡು ಕಾಲು, ಒಂದು ಸೈಕಲ್ ಗಾಲಿ ಬಂದು ನಿಂತವು. ಹೆದರಿ ಹಿಂದೆ ಸರಿಯಹೋದ, ಹೊರೆ ತೂಗಿತು, ಬೀಳುವವನಿದ್ದ. ಫಿರದೋಸ ಕೈ ಹಿಡಿದಳು.

"ಸಾವಕಾರ್ರ, ನಿಧಾನ. ಬದುವಿನ ಮ್ಯಾಲಿಂದ ಸುತ್ತ ಹಾಕಿ ಮುಂದ ಬಂದೆ. ಆ ಬೇವಿನ ಗಿಡದಿಂದ ಗಂಟಿ ಬಾರಿಸ್ಕೋತ ನಿಮ್ಮ ಹಿಂದನ ಬರಾಕತ್ತಿದ್ನಿ."

"ಏನು?"

"ಗಂಟಿ. ಬಾರಿಸ್ಕೋತ ಬರಾಕತ್ತಿದ್ನಿ ಅಂದೆ."

ಅವನಿಗೆ ಒಂದು ಸಲವೂ ಕೇಳಿಸಿರಲಿಲ್ಲ. ದಾಕ್ಷಾಯಿಣಿ ಬಂದು ಹೊರೆ ಇಳಿಸಿದಳು. "ಹೊರಿ ಹೊತ್ತಾಗ ಯಾರಿಗೂ ಕೇಳಸಂಗಿಲ್ರಿ ಅಣ್ಣಾರ" ಎಂದಳು, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವಂತೆ. "ಅದಕ್ಕ ನಮ್ಮ ಮಂದಿ ಹಿಂದಿಂದ ಬಂದ್ರ ಹಾಯೋದಿಲ್ಲ. ಅಗಲ ಜಾಗಾ ಸಿಗೋತನಕ ಹಿಂದನ ನಿಲ್ಲತಾರ. ಚಕ್ಕಡಿ ಹೊಡಿಯೋರೂ ಎತ್ತ ನಿಲ್ಲಸ್ತಾರ."

ಶಿವಯೋಗೀಶ ದಾರಿಯಂಚಿನಲ್ಲಿ ಕುಳಿತುಬಿಟ್ಟ. ಹಟ ಮಾಡುತ್ತಾಳೆ ಎಂದುಕೊಂಡಿದ್ದನಲ್ಲ, ಆ ಮಾತು ನೆನಪಾಯಿತು. ಎಮ್ಮೆಗೆ ಹಿಂಡಿ ಮಾರಿ ಬದುಕುವ ತಾನು ಆ ಎಮ್ಮೆಗೆ ಹುಲ್ಲು ತರುವವಳ ಕಷ್ಟವನ್ನು ಒಂದು ದಿನವೂ ವಿಚಾರಿಸಿರಲಿಲ್ಲ. ಹೆಣ್ಣುಮಕ್ಕಳಿಬ್ಬರ ಎದುರು ಅವನು ಅತ್ತ. ಫಿರದೋಸ ನಾನು ಹೇಳಿರಲಿಲ್ಲವೇ ಎಂದು ಎತ್ತಿ ಆಡಲಿಲ್ಲ.

"ನಾನೂ ಇಷ್ಟ ಅನ್ಕೊಂಡಿದ್ದಿಲ್ರಿ" ಎಂದಳು. "ಇಳೀರಿ ಅಂತ ಹೇಳತಿದ್ನಿ, ಯಾಕ ಇಳೀಬೇಕು ಅನ್ನೋದು ನನಗೂ ಇವತ್ತ ಗೊತ್ತಾತು."

ಮನೆಗೆ ಬಂದವನು ನೇರ ಕಾಳವ್ವನ ಹೊರಸಿನ ಹತ್ತಿರ ಹೋದ. ಫಕೀರಪ್ಪನೂ ಹೊಲದಿಂದ ಬಂದಿದ್ದ.

"ಚಿಗವ್ವಾ, ನಿಮ್ಮ ಕಿವಿ ಛಲೋ ಅದಾವು."

ಕಾಳವ್ವ ಉಮಾಶ್ರೀಯ ಕಡೆಗೆ ಕಣ್ಣು ಹೊರಳಿಸಿ, ಅವನಿಗೆ ಸುಮ್ಮನಿರಿ ಎಂಬಂತೆ ಕೈ ಮಾಡಿದಳು. ಅವನು ಸುಮ್ಮನಾಗಲಿಲ್ಲ.

"ಉಮಾ, ಫಕೀರಪ್ಪ, ಕೇಳ್ರಿ ಇಲ್ಲೆ. ತಪ್ಪ ನಂದು. ಚಿಗವ್ವನ ಕಿವೀದಲ್ಲ. ಇಳಿಜಾರಿನ್ಯಾಗ ಬ್ರೇಕ್ ಹಿಡೀಲಿಲ್ಲ, ಹೊರಿ ಕಂಡ್ರೂ ಇಳೀಲಿಲ್ಲ. ಆಕಿ ನನ್ನ ಮರ್ಯಾದಿ ಉಳಸಾಕ ತನ್ನ ಕಿವಿ ಮ್ಯಾಲ ಹಾಕ್ಕೊಂಡಾಳ."

ಉಮಾಶ್ರೀ ಪಾದ ತಿಕ್ಕುತ್ತಿದ್ದ ಕೈ ತೆಗೆಯಲಿಲ್ಲ, ಆದರೆ ಕೈ ನಿಂತಿತು. "ಯಾಕ ಚಿಗವ್ವಾ?" ಎಂದಳು.

"ನೀ ತಾಯಿಲ್ಲದ ಕೂಸು" ಎಂದಳು ಕಾಳವ್ವ. "ಊರ ಮಂದಿ ನಿನ್ನ ಗಂಡನ್ನ ಅಂದ್ರಂದ್ರ ನೀ ಯಾವ ಮಾರಿಲೆ ತವರಿಗೆ ಬರತೀ? ಎಲುಬು ಮುರದದ್ದು ಮುರೀತು. ನೀ ಬರೋದ ನಿಂತ್ರ ನಾ ತಡಕೊಳ್ಳಂಗಿಲ್ಲವಾ."

ಉಮಾಶ್ರೀ ಆ ಕಾಲುಗಳ ಮೇಲೆ ತಲೆಯಿಟ್ಟು ಅತ್ತಳು. ಗಂಡನ ಕಡೆ ಆ ದಿನ ನೋಡಲಿಲ್ಲ. ಮುಂದೆಯೂ ಬಹಳ ದಿನ ಅವನ ಜೊತೆ ಬೇಕಾದಷ್ಟೇ ಮಾತು. ಅದು ಅವನಿಗೆ ತಕ್ಕದ್ದೇ.

ಫಕೀರಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅಳಿಯ ಎಂಬ ಭಿಡೆಯಿಂದ ಶಿವಯೋಗೀಶನನ್ನು ಬಿಟ್ಟು ಬೇರೆಲ್ಲರ ಮೇಲೂ ಹರಿಹಾಯ್ದ.

"ನಾಳಿಗೆನ ಮುಳ್ಳ ಕಡಕೊಂಡ ಬಂದ ಆ ದಾರಿಗೆ ಹಚ್ಚತೇನಿ. ಒಂದ ಸೈಕಲ್ಲೂ ಹಾಯಬಾರದು. ಮಳಿ ಬಂದಾಗ ಬಂದು ಹಸಿ ಎರಿಯಾಗ ಗಾಲಿ ಹಾಯಿಸಿ ಜಾಡ ಕೆಡಸ್ತಾರ, ಮುಂದ ಅದ ಒಣಗಿ ನಮ್ಮ ಎತ್ತಿನ ಕಾಲ ಮುರೀತಾವ. ಕಿವ್ಯಾಗ ಹಾಡ ಹಾಕ್ಕೊಂಡ ಬರತಾರ, ಬಿತ್ತಿದ ಸಾಲಿನ್ಯಾಗ ಹೊಳ್ಳಸ್ತಾರ. ಸಾಕಾತು."

"ಖರೇ ಐತ್ರಿ" ಎಂದಳು ಫಿರದೋಸ. "ನಮ್ಮ ಮಂದಿ ಇದನ್ನೆಲ್ಲಾ ಮಾಡ್ಯಾರ. ನಾ ಇಲ್ಲ ಅನ್ನೂದಿಲ್ಲ."

"ಮುಳ್ಳ ಹಚ್ಚಿದ್ರ ಸಾಲೀ ಹುಡುಗ್ಯಾರ ಎಲ್ಲಿ ಹಾಯಬೇಕೋ?" ಎಂದಳು ಕಾಳವ್ವ ಮಗನಿಗೆ. "ಅವೂ ಸೈಕಲ್ ಮ್ಯಾಲನ ಹೋಗ್ತಾವ. ದಾರಿ ಮುಚ್ಚಬ್ಯಾಡ. ಬರೋರಿಗೆ ತಿಳಿಸಿ ಹೇಳು."

"ಹೇಳಿದ್ರ ಕೇಳತಾರೇನಬೇ?"

"ನಾ ಕೇಳಲಿಲ್ಲ" ಎಂದ ಶಿವಯೋಗೀಶ. "ಅದಕ್ಕ ನಾನ ಹೇಳತೇನಿ. ನನ್ನ ಮಾತ ಕೇಳತಾರ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಅವನು ಹೇಳತೊಡಗಿದ. ರವಿವಾರ ಬೆಳಿಗ್ಗೆ ಚಹಾದಂಗಡಿಯ ಮುಂದೆ ಈಗ ಅವನೇ ನಿಲ್ಲುತ್ತಿದ್ದ. ಏನಾಯಿತು, ಯಾರಿಗಾಯಿತು, ಯಾರಿಂದಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಕೆಲವರು ತಲೆ ತಗ್ಗಿಸಿದರು. ಕೆಲವರು, ಈ ಸಾವಕಾರನ ಪುರಾಣ ಶುರುವಾಯಿತು ಎಂದು ಗಡಿಯಾರ ನೋಡಿಕೊಂಡರು. ಅವನು ಬಿಡಲಿಲ್ಲ.

ಆದರೆ ಕಾಳವ್ವ ಏಳಲಿಲ್ಲ. ಮಲಗಿ ಮಲಗಿ ಬೆನ್ನು ಹುಣ್ಣಾಯಿತು. ದಾಕ್ಷಾಯಿಣಿ ಮಗ್ಗುಲು ಬದಲಿಸುತ್ತಿದ್ದಳು, ಉಮಾಶ್ರೀ ಬಂದು ಇದ್ದು ಮಾಡುತ್ತಿದ್ದಳು, ಆದರೂ ಆಯಿತು. ಚಳಿ ಶುರುವಾದ ಮೇಲೆ ಎದೆಯಲ್ಲಿ ಕಫ ಕಟ್ಟಿತು. ದವಾಖಾನೆಗೆ ಒಯ್ದರು, ಔಷಧ ಹಾಕಿದರು. ನಡೆದಾಡುವ ಮೈ ಮಲಗಿಬಿಟ್ಟರೆ ಹೀಗೇ ಆಗುತ್ತದೆ ಎಂದರು ಡಾಕ್ಟರು. ಶನಿವಾರ ಸಂಜೆ ಕಾಳವ್ವ ತೀರಿಕೊಂಡಳು. ಉಮಾಶ್ರೀ ಎರಡನೆಯ ಸಲ ತಾಯಿಯನ್ನು ಕಳೆದುಕೊಂಡಳು. ಮೊದಲ ಸಲ ಅವಳಿಗೆ ತಿಳಿವಳಿಕೆ ಇರಲಿಲ್ಲ, ಈ ಸಲ ಇತ್ತು.

ಮರುದಿನ ರವಿವಾರ. ಶವ ಹೊರುವ ಬಿದಿರಿನ ವಿಮಾನ ಕಟ್ಟಿ, ಕಾಳವ್ವನನ್ನು ಅದರಲ್ಲಿ ಕೂಡಿಸಿ, ಭಜನೆ ಹಾಡುತ್ತ ಹೊಲಕ್ಕೆ ಒಯ್ದರು. ಮಣ್ಣು ಮಾಡುವುದು ಅವರ ಹೊಲದಲ್ಲೇ. ದಾರಿ ಅದೇ ಚಕ್ಕಡಿ ದಾರಿ. ಶಿವಯೋಗೀಶ ಒಂದು ಬದಿಗೆ ಹೆಗಲು ಕೊಟ್ಟಿದ್ದ.

ಹಳ್ಳದ ಇಳಿಜಾರಿನಲ್ಲಿ ಎದುರಿನಿಂದ ಸೈಕಲ್ಲಿನವರ ಒಂದು ಗುಂಪು ಬಂತು. ಫಿರದೋಸಳ ತಂಡವಲ್ಲ, ಯಾರೋ ಹರೆಯದವರು, ಹುಬ್ಬಳ್ಳಿಯ ಕಡೆಯವರು. ವಿಮಾನ ಕಂಡೊಡನೆ ಅವರೆಲ್ಲ ಇಳಿದರು. ಸೈಕಲ್ಲುಗಳನ್ನು ಎತ್ತಿ ಬದುವಿನ ಆಚೆ ಇಟ್ಟು, ಹೆಲ್ಮೆಟ್ಟು ತೆಗೆದು, ಕೈಮುಗಿದು ನಿಂತರು. ಯಾರೂ ಅವರಿಗೆ ಸರಿಯಿರಿ ಎಂದಿರಲಿಲ್ಲ. ಯಾರೂ ಗಂಟೆ ಬಾರಿಸಿರಲಿಲ್ಲ. ಇಡೀ ಮೆರವಣಿಗೆ ಹಾಯುವವರೆಗೂ ಹಾಗೇ ನಿಂತರು.

ಹೆಣ್ಣುಮಕ್ಕಳ ಗುಂಪಿನಲ್ಲಿದ್ದ ಉಮಾಶ್ರೀ ಗಂಡನ ಹತ್ತಿರ ಬಂದಳು. ಎಷ್ಟೋ ದಿನಗಳ ಮೇಲೆ ತಾನಾಗಿ ಮಾತಾಡಿದಳು.

"ನೋಡ್ರಿ. ಸತ್ತ ಮ್ಯಾಲ ಎಲ್ಲಾರೂ ಇಳದ ನಿಂತಾರ."

ಶಿವಯೋಗೀಶನ ಹೆಗಲು ಕುಸಿಯಿತು, ಫಕೀರಪ್ಪ ಹಿಂದಿನಿಂದ ಆಸರೆ ಕೊಟ್ಟ. ಬದುಕಿದ್ದವಳಿಗೆ ಒಂದು ಗಳಿಗೆ ಇಳಿದು ನಿಂತಿದ್ದರೆ ಈ ದಿನವೇ ಬರುತ್ತಿರಲಿಲ್ಲ ಎಂದು ಅವನು ಬಾಯಿಬಿಟ್ಟು ಹೇಳುತ್ತ ಅಳುತ್ತ ನಡೆದ.

ದಿನಕರ್ಮ ಮುಗಿದ ಮೇಲೆ ಸೈಕಲ್ಲನ್ನು ಮಾರಿಬಿಡುತ್ತೇನೆ ಎಂದ. ಉಮಾಶ್ರೀ ಬೇಡವೆಂದಳು. "ಮಾರಿದ್ರ ಚಿಗವ್ವ ಬರತಾಳೇನ್ರಿ? ತಪ್ಪ ಮಾಡಿದ್ದು ಸೈಕಲ್ಲಲ್ಲ. ತುಳೀರಿ. ಮುಂದ ಮನಷ್ಯಾರ ಕಂಡ್ರ ಇಳೀರಿ." ಫಕೀರಪ್ಪನೂ ಮುಳ್ಳಿನ ಮಾತು ಬಿಟ್ಟ. ಈಗ ರವಿವಾರ ಸೈಕಲ್ಲಿನವರು ಬಂದರೆ ತಾನೇ ಎದ್ದು ಬಂದು, ಹೊಲದಲ್ಲಿ ಹಸಿ ಇದೆಯೋ ಒಣಗಿದೆಯೋ ಹೇಳುತ್ತಾನೆ. ಹಸಿ ಇದ್ದ ದಿನ, "ಇವತ್ತ ಡಾಂಬರ ರಸ್ತಾದ ಮ್ಯಾಲನ ಹೋಗ್ರಿ, ಮುಂದಿನ ವಾರ ಬರ್ರಿ" ಎಂದು ಕಳಿಸುತ್ತಾನೆ. ಅವರೂ ಕೇಳುತ್ತಾರೆ.

ಓದುವ ಅಣ್ಣಗಳಿರಾ, ಅಕ್ಕಗಳಿರಾ, ಸೈಕಲ್ ತುಳಿಯುವುದು ಒಳ್ಳೆಯದು. ತುಳಿಯಿರಿ, ಹೊಲ ನೋಡಿರಿ, ಗಾಳಿ ಕುಡಿಯಿರಿ. ಆದರೆ ನಿಮಗೆ ಅದು ರವಿವಾರದ ದಾರಿ, ಅಲ್ಲಿಯವರಿಗೆ ದಿನದ ದಾರಿ. ಮುಂದೆ ನಡೆಯುವವರು ಕಂಡರೆ ದೂರದಲ್ಲೇ ವೇಗ ತಗ್ಗಿಸಿ, ಬಾಯಿಬಿಟ್ಟು "ಅವ್ವಾ, ಹಿಂದ ಬಂದೇವ್ರಿ" ಎನ್ನಿರಿ. ಅವರು ಕೇಳಿ ಸರಿದ ಮೇಲೆ ಹಾಯಿರಿ. ತಲೆಯ ಮೇಲೆ ಹೊರೆ ಇದ್ದರೆ, ಜೊತೆಗೆ ದನ ಇದ್ದರೆ, ಇಳಿದು ಕೈಯಲ್ಲಿ ಸೈಕಲ್ ಹಿಡಿದು ನಿಲ್ಲಿರಿ. ಏರು ಹತ್ತುವವರಿಗೆ ಇಳಿಯುವವರು ದಾರಿ ಬಿಡಿರಿ. ಅಪ್ಪಿತಪ್ಪಿ ಯಾರಿಗಾದರೂ ತಾಗಿದರೆ ಗಂಟೆಯ ಲೆಕ್ಕ ಹೇಳಬೇಡಿರಿ, ಮೊದಲು ಅವರನ್ನು ನೋಡಿರಿ. ನಿಮ್ಮ ನಿಮಿಷವೊಂದು ಹೋಗಬಹುದು, ಹೋಗಲಿ.

ಇದನ್ನೆಲ್ಲ ಕಾಳವ್ವನ ಸಲುವಾಗಿ ಮಾಡಿರಿ ಎಂದು ಕೇಳುವುದಿಲ್ಲ. ಅವಳಿಗೆ ಇನ್ನು ಯಾರೂ ದಾರಿ ಬಿಡಬೇಕಾಗಿಲ್ಲ. ಆದರೆ ಎಮ್ಮೆಗೆ ಹುಲ್ಲು ದಿನವೂ ಬೇಕು. ನಾಳೆ ಬೆಳಿಗ್ಗೆ ಅದೇ ಇಳಿಜಾರಿನಲ್ಲಿ ಹೊರೆ ಹೊತ್ತು ದಾಕ್ಷಾಯಿಣಿ ನಡೆದು ಬರುತ್ತಿರುತ್ತಾಳೆ, ಅವಳಿಗೆ ನೀವು ಬರುವುದು ಕೇಳಿಸುವುದಿಲ್ಲ. ಇಳಿಯಿರಿ.